ನಿಂತ ಹೃದಯವನ್ನು ಕಾಯುವ ಕೆಲಸ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಮಾನಿಟರಿನ ಮೇಲೆ ಇಸಿಜಿ ಗೆರೆ ನೇರವಾಗಿಬಿಟ್ಟರೆ ಆಸ್ಪತ್ರೆಯ ಯಾವ ವಾರ್ಡಿನಲ್ಲಾದರೂ ಗದ್ದಲ ಏಳುತ್ತದೆ. ಅಲಾರಂ ಹೊಡೆದುಕೊಳ್ಳುತ್ತದೆ, ಯಾರೋ ಓಡಿ ಬಂದು ಎದೆ ಒತ್ತಲು ಶುರು ಮಾಡುತ್ತಾರೆ. ಹೃದಯದ ಆಪರೇಷನ್ ನಡೆಯುವ ಥಿಯೇಟರಿನಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಆ ನೇರ ಗೆರೆ ಬರಲಿ ಅಂತಲೇ ನಾವೆಲ್ಲ ಕಾಯುತ್ತಿರುತ್ತೇವೆ. ಬರುವುದು ತಡವಾಯಿತು ಅಂದರೆ ಆಗ ನಮಗೆ ತಳಮಳ.

ನಾನು ಅರಿವಳಿಕೆ ವೈದ್ಯ. ರೋಗಿಯ ತಲೆಯ ಹತ್ತಿರ, ಪರದೆಯ ಈಚೆ ನಿಲ್ಲುವವನು. ಆಪರೇಷನ್ ಮುಗಿದ ಮೇಲೆ ಮನೆಯವರು ಕೇಳುವುದು ಸಾಮಾನ್ಯವಾಗಿ ಒಂದೇ: ಎಷ್ಟು ಬೈಪಾಸ್ ಹಾಕಿದರು, ಯಾವ ವಾಲ್ವ್ ಕೂರಿಸಿದರು. ಕೇಳಬೇಕಾದದ್ದೇ. ಆದರೆ ಹೊಲಿಗೆ ಎಷ್ಟು ಚೆನ್ನಾಗಿದ್ದರೂ, ಹೊಲಿಯುವಷ್ಟು ಹೊತ್ತು ಹೃದಯದ ಸ್ನಾಯು ಕೆಡದೆ ಉಳಿಯದಿದ್ದರೆ ಏನು ಪ್ರಯೋಜನ? ಇವತ್ತು ಆ ಭಾಗದ ಬಗ್ಗೆ ಮಾತ್ರ ಮಾತಾಡುತ್ತೇನೆ. ಹೃದಯವನ್ನು ಹೇಗೆ ನಿಲ್ಲಿಸುತ್ತೇವೆ, ನಿಂತಿರುವಾಗ ಹೇಗೆ ಕಾಯುತ್ತೇವೆ, ಮತ್ತೆ ಹೇಗೆ ಬಡಿಯುವಂತೆ ಮಾಡುತ್ತೇವೆ ಅನ್ನುವುದು.

ಇಡೀ ಮೈಗೆ ರಕ್ತ, ಹೃದಯಕ್ಕೆ ಮಾತ್ರ ಇಲ್ಲ

ಮೊದಲು, ನಿಲ್ಲಿಸುವುದು ಯಾಕೆ? ಬೈಪಾಸ್ ಆಪರೇಷನ್ನಿನಲ್ಲಿ ಹೊಲಿಯಬೇಕಾದ ಕರೋನರಿ ರಕ್ತನಾಳದ ಅಗಲ ಹೆಚ್ಚುಕಮ್ಮಿ ಒಂದೂವರೆ, ಎರಡು ಮಿಲಿಮೀಟರ್. ಹೊಲಿಯುವ ದಾರ ತಲೆಗೂದಲಿನಷ್ಟು ತೆಳು. ಆ ನಾಳ ನಿಮಿಷಕ್ಕೆ ಎಪ್ಪತ್ತು ಸಲ ಎಗರಾಡುತ್ತಿದ್ದರೆ ಸೂಜಿ ಹಾಕುವುದು ಎಷ್ಟು ಕಷ್ಟ ಅಂತ ಊಹಿಸಿಕೊಳ್ಳಿ. ವಾಲ್ವ್ ಬದಲಿಸುವುದಾದರೆ ಹೃದಯವನ್ನೇ ತೆರೆಯಬೇಕು. ಒಳಗೆ ರಕ್ತ ಹರಿಯುತ್ತಿದ್ದರೆ ಏನೂ ಕಾಣುವುದಿಲ್ಲ.

ಅದಕ್ಕೇ ಹಾರ್ಟ್-ಲಂಗ್ ಮಷಿನ್. ಮೈಯಿಂದ ಹೃದಯಕ್ಕೆ ವಾಪಸ್ ಬರುವ ರಕ್ತವನ್ನು ದೊಡ್ಡ ಪೈಪಿನಲ್ಲಿ ಹೊರಗೆ ತೆಗೆದುಕೊಂಡು, ಅದಕ್ಕೆ ಆಕ್ಸಿಜನ್ ಸೇರಿಸಿ, ಮತ್ತೆ ಮಹಾಪಧಮನಿಗೆ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳಕ್ಕೆ, ತಳ್ಳುವ ಯಂತ್ರ ಅದು. ಮೆದುಳು, ಮೂತ್ರಪಿಂಡ, ಯಕೃತ್ತು, ಕೈಕಾಲು ಎಲ್ಲಕ್ಕೂ ಅದು ರಕ್ತ ಕೊಡುತ್ತದೆ. ಆದರೆ ಹೃದಯದೊಳಗೆ ಕೆಲಸ ಮಾಡಬೇಕಾದರೆ ಮಹಾಪಧಮನಿಗೆ ಅಡ್ಡಲಾಗಿ ಒಂದು ಕ್ಲಾಂಪ್, ಅಂದರೆ ನಾಳವನ್ನು ಒತ್ತಿ ಮುಚ್ಚುವ ಚಿಮಟ, ಹಾಕಲೇಬೇಕು. ಇಲ್ಲದಿದ್ದರೆ ಮಷಿನ್ ತಳ್ಳಿದ ರಕ್ತವೇ ಹಿಂದಕ್ಕೆ ಬಂದುಬಿಡುತ್ತದೆ. ಎಡವಟ್ಟು ಇರುವುದು ಇಲ್ಲೇ. ಹೃದಯದ ಸ್ನಾಯುವಿಗೆ ರಕ್ತ ಕೊಡುವ ಎರಡು ಕರೋನರಿ ನಾಳಗಳು ಕವಲೊಡೆಯುವುದು ಮಹಾಪಧಮನಿಯ ಬುಡದಲ್ಲಿ. ಕ್ಲಾಂಪ್ ಬೀಳುವುದು ಆ ಕವಲಿಗಿಂತ ಮೇಲ್ಗಡೆ. ಇಡೀ ಮೈಗೆ ರಕ್ತ ಹೋಗುತ್ತಿರುತ್ತದೆ, ಹೃದಯಕ್ಕೆ ಮಾತ್ರ ಬಂದ್ ಆಗಿರುತ್ತದೆ.

ಈ ಸ್ನಾಯುವಿಗೆ ಉಳಿತಾಯ ಅನ್ನುವುದೇ ಗೊತ್ತಿಲ್ಲ. ಮೈಯ ಉಳಿದ ಭಾಗಗಳು ತಮ್ಮ ಬಳಿ ಬಂದ ರಕ್ತದಿಂದ ಸರಾಸರಿ ಕಾಲು ಭಾಗ ಆಕ್ಸಿಜನ್ ತೆಗೆದುಕೊಂಡರೆ, ನಾವು ಸುಮ್ಮನೆ ಕೂತಾಗಲೂ ಹೃದಯ ಶೇಕಡಾ 70ಕ್ಕಿಂತ ಜಾಸ್ತಿ ಹೀರಿಕೊಳ್ಳುತ್ತದೆ. ಇನ್ನಷ್ಟು ಬೇಕು ಅಂದರೆ ರಕ್ತದ ಹರಿವೇ ಹೆಚ್ಚಾಗಬೇಕು, ಬೇರೆ ದಾರಿ ಇಲ್ಲ. ಜೀವಕೋಶದ ಶಕ್ತಿಯಾದ ಎಟಿಪಿಯ ಸಂಗ್ರಹ ಇರುವುದು ಕೆಲವೇ ಬಡಿತಗಳಿಗೆ ಸಾಕಾಗುವಷ್ಟು. ಬೆಚ್ಚಗಿರುವ, ಬಡಿಯುತ್ತಿರುವ ಹೃದಯಕ್ಕೆ ರಕ್ತ ಪೂರ್ತಿ ನಿಂತರೆ ಸುಮಾರು 20 ನಿಮಿಷದ ನಂತರ ಜೀವಕೋಶಗಳು ಸಾಯಲು ಶುರುವಾಗುತ್ತವೆ. ಆದರೆ ಸರ್ಜನ್‌ಗೆ ಬೇಕಾಗಿರುವುದು ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ, ಕಷ್ಟದ ಕೇಸಾದರೆ ಇನ್ನೂ ಜಾಸ್ತಿ. ಈ 20 ನಿಮಿಷವನ್ನು ಎರಡು ಗಂಟೆ ಮಾಡಿದ್ದು ಹೇಗೆ ಅನ್ನುವುದೇ ಹೃದಯ ಶಸ್ತ್ರಚಿಕಿತ್ಸೆಯ ಅರ್ಧ ಚರಿತ್ರೆ.

ಒಂದು ಲೆಕ್ಕ ನೋಡಿ, ಇದು ಬಹಳ ಮುಖ್ಯ. ಕೆಲಸ ಮಾಡುತ್ತಿರುವ ಹೃದಯದ 100 ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ 8ರಿಂದ 10 ಮಿಲಿಲೀಟರ್ ಆಕ್ಸಿಜನ್ ಬೇಕು. ಮಷಿನ್‌ಗೆ ಹಾಕಿ ಹೃದಯವನ್ನು ಖಾಲಿ ಮಾಡಿದರೆ, ಬಡಿಯುತ್ತಿದ್ದರೂ ಇದು 5ರಿಂದ 6ಕ್ಕೆ ಇಳಿಯುತ್ತದೆ. ಬಡಿತ ನಿಲ್ಲಿಸಿದರೆ ಸುಮಾರು 1ಕ್ಕೆ. ನಿಲ್ಲಿಸಿ, 22 ಡಿಗ್ರಿ ಸೆಲ್ಸಿಯಸ್‌ಗೆ ತಂಪು ಮಾಡಿದರೆ 0.3ರ ಆಸುಪಾಸಿಗೆ.

ಹೃದಯವನ್ನು ಮಂಜುಗಡ್ಡೆಯಲ್ಲಿಟ್ಟು ಆಪರೇಷನ್ ಮಾಡುತ್ತಾರೆ ಅಂತ ಜನ ಮಾತಾಡುವುದನ್ನು ಕೇಳಿದ್ದೇನೆ. ತಂಪು ಮಾಡುವುದು ನಿಜವೇ, ಉಪಯೋಗವೂ ಇದೆ. ಆದರೆ ಲೆಕ್ಕದಲ್ಲಿ ನೋಡಿದಿರಲ್ಲ, ದೊಡ್ಡ ಉಳಿತಾಯ ಆಗಿದ್ದು ತಂಪಿನಿಂದ ಅಲ್ಲ, ನಿಲ್ಲಿಸಿದ್ದರಿಂದ. ತಂಪು ಅದರ ಮೇಲಿನ ಚೂರು ಲಾಭ. ಚೂರೇ ಆದರೂ ಎರಡು ಗಂಟೆಯ ಕೆಲಸದಲ್ಲಿ ಬೇಕಾಗುತ್ತದೆ.

ನಿಲ್ಲಿಸಲು ಕಲಿತದ್ದು, ಮರೆತದ್ದು, ಮತ್ತೆ ಕಲಿತದ್ದು

ಶುರುವಿನಲ್ಲಿ ಎಲ್ಲರೂ ನಂಬಿದ್ದು ತಂಪನ್ನೇ. ಕೆನಡಾದ ಟೊರಾಂಟೊದಲ್ಲಿ ವಿಲ್ಫ್ರೆಡ್ ಬಿಗೆಲೋ ಅನ್ನುವ ಸರ್ಜನ್, ಚಳಿಗಾಲವಿಡೀ ನಿದ್ದೆ ಮಾಡುವ ಪ್ರಾಣಿಗಳನ್ನು ನೋಡಿ, ಇಡೀ ಮೈಯನ್ನೇ ತಂಪು ಮಾಡಿದರೆ ರಕ್ತ ಇಲ್ಲದೆ ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು ಅಂತ ಪ್ರಯೋಗಗಳಿಂದ ತೋರಿಸಿದರು. 1952ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಜಾನ್ ಲೂಯಿಸ್ ಅದೇ ವಿಧಾನದಲ್ಲಿ ಐದು ವರ್ಷದ ಹುಡುಗಿಯ ಹೃದಯದ ತೂತನ್ನು ಮುಚ್ಚಿದರು. ಸಿಕ್ಕ ಸಮಯ ಸುಮಾರು ಐದೂವರೆ ನಿಮಿಷ. ಅಷ್ಟರಲ್ಲಿ ಹೃದಯ ತೆರೆದು, ತೂತು ಹುಡುಕಿ, ಹೊಲಿದು, ಮುಚ್ಚಬೇಕು. ಮರುವರ್ಷ, 1953ರ ಮೇ ತಿಂಗಳಲ್ಲಿ ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ತಮ್ಮ ಹಾರ್ಟ್-ಲಂಗ್ ಮಷಿನ್ ಬಳಸಿ ಮೊದಲ ಸಲ ಗೆದ್ದರು. ಮೈಗೆ ರಕ್ತ ಕೊಡುವ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಹೃದಯದ್ದು ಉಳಿಯಿತು.

1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ಒಂದು ಉತ್ತರ ಕೊಟ್ಟರು. ಪೊಟ್ಯಾಸಿಯಂ ಸಿಟ್ರೇಟ್ ಬೆರೆಸಿದ ರಕ್ತವನ್ನು ಮಹಾಪಧಮನಿಯ ಬುಡಕ್ಕೆ ಚುಚ್ಚಿದರೆ ಹೃದಯ ತಕ್ಷಣ ನಿಲ್ಲುತ್ತದೆ, ತೊಳೆದರೆ ಮತ್ತೆ ಬಡಿಯುತ್ತದೆ. ಪೊಟ್ಯಾಸಿಯಂ ಜಾಸ್ತಿಯಾದರೆ ಕಪ್ಪೆಯ ಹೃದಯ ನಿಲ್ಲುತ್ತದೆ ಅನ್ನುವುದನ್ನು 1880ರ ದಶಕದಲ್ಲೇ ಅದೇ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ತೋರಿಸಿದ್ದರು. ಡ್ರಿಪ್ ಬಾಟಲಿಯ ಮೇಲೆ ‘ರಿಂಗರ್ ಲ್ಯಾಕ್ಟೇಟ್’ ಅಂತ ಓದಿರುತ್ತೀರಲ್ಲ, ಅದೇ ರಿಂಗರ್. ಇರಲಿ.

ಮೆಲ್ರೋಸ್ ವಿಧಾನ ಬೇಗ ಹರಡಿತು. ಅಷ್ಟೇ ಬೇಗ ಕೆಟ್ಟ ಹೆಸರೂ ಬಂತು. ಹಾಗೆ ನಿಲ್ಲಿಸಿದ ಕೆಲವು ಹೃದಯಗಳ ಸ್ನಾಯು ಅಲ್ಲಲ್ಲಿ ಸತ್ತುಹೋಗಿರುವುದು ಕಂಡುಬಂತು. ಅವರು ಹಿಡಿದ ದಾರಿ ಸರಿಯಾಗಿತ್ತು. ತಪ್ಪಿದ್ದು ಪ್ರಮಾಣ. ಈಗಿನ ದ್ರಾವಣಗಳಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಪೊಟ್ಯಾಸಿಯಂ ಅದರಲ್ಲಿತ್ತು. ಜೊತೆಗೆ ಸಿಟ್ರೇಟ್ ಬೇರೆ, ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಆಗ ಜನ ‘ಪ್ರಮಾಣ ಕಡಿಮೆ ಮಾಡೋಣ’ ಅನ್ನಲಿಲ್ಲ. ಪೊಟ್ಯಾಸಿಯಮ್ಮನ್ನೇ ಬಿಟ್ಟುಬಿಟ್ಟರು. ಮುಂದೆ ಹತ್ತು ಹದಿನೈದು ವರ್ಷ ಬಹುತೇಕ ಕಡೆ ಅದರ ಸುದ್ದಿಯೇ ಇರಲಿಲ್ಲ.

ಆ ವರ್ಷಗಳಲ್ಲಿ ಏನೇನೋ ನಡೆಯಿತು. ಕೆಲವರು ಹೃದಯದ ಮೇಲೆ ಐಸಿನಂಥ ತಣ್ಣನೆಯ ಸಲೈನ್ ಸುರಿದರು. ಸ್ಟ್ಯಾನ್‌ಫರ್ಡ್‌ನ ನಾರ್ಮನ್ ಶಮ್‌ವೇ ಅವರದ್ದು ಆ ದಾರಿ. ಕೆಲವರು ಹೃದಯ ಅದುರುವಂತೆ ಮಾಡಿ, ಆ ಅದುರಾಟದ ನಡುವೆಯೇ ಹೊಲಿದರು. ಕೆಲವರು ಏನೂ ಮಾಡದೆ ಕ್ಲಾಂಪ್ ಹಾಕಿ ಬೇಗ ಬೇಗ ಮುಗಿಸಿದರು. ಕೈ ವೇಗವಿದ್ದವರಿಗೆ ಒಳ್ಳೆಯ ಫಲ ಸಿಗುತ್ತಿತ್ತು, ಅದೇ ವಿಧಾನ ಸರಿ ಅಂತಲೂ ಅನ್ನಿಸುತ್ತಿತ್ತು. 1972ರಲ್ಲಿ ಹ್ಯೂಸ್ಟನ್‌ನ ಡೆಂಟನ್ ಕೂಲಿ ಮತ್ತು ಅವರ ಜೊತೆಗಾರರು ‘ಕಲ್ಲು ಹೃದಯ’ ಅನ್ನುವ ಸ್ಥಿತಿಯ ವರದಿ ಪ್ರಕಟಿಸಿದರು. ಆಪರೇಷನ್ ಸರಿಯಾಗೇ ಆಗಿದೆ, ಕ್ಲಾಂಪ್ ತೆಗೆದಿದ್ದಾರೆ. ಆದರೆ ಹೃದಯ ಬಿಗಿದುಕೊಂಡು ಗಟ್ಟಿಯಾಗಿಬಿಟ್ಟಿದೆ. ಬಡಿಯುವುದಿಲ್ಲ, ಸಡಿಲವಾಗುವುದೂ ಇಲ್ಲ. ಸ್ನಾಯು ಸಂಕುಚಿಸಲು ಶಕ್ತಿ ಬೇಕು ಅಂತ ಎಲ್ಲರಿಗೂ ಗೊತ್ತು. ಸಡಿಲವಾಗಲೂ ಎಟಿಪಿ ಬೇಕು. ಅದು ಪೂರ್ತಿ ಖಾಲಿಯಾದಾಗ ಹೀಗೆ ಆಗುತ್ತದೆ. ಕೂಲಿಯವರಷ್ಟು ವೇಗದ ಕೈ ಇದ್ದವರೇ ಇದನ್ನು ಬರೆದರಲ್ಲ, ಹಾಗಾಗಿ ವೇಗವೊಂದೇ ಸಾಲದು ಅನ್ನುವುದನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ಇಷ್ಟರಲ್ಲಿ ಜರ್ಮನಿಯಲ್ಲಿ ಹಾನ್ಸ್ ಬ್ರೆಟ್‌ಶ್ನೈಡರ್ ತಮ್ಮ ಪಾಡಿಗೆ ತಾವು ನಿಲುಗಡೆ ದ್ರಾವಣಗಳ ಮೇಲೆ ಕೆಲಸ ಮಾಡುತ್ತಲೇ ಇದ್ದರು. 1973ರಲ್ಲಿ ಅಮೆರಿಕದಲ್ಲಿ ಗೇ ಮತ್ತು ಎಬರ್ಟ್, ಕಡಿಮೆ ಪ್ರಮಾಣದ ಪೊಟ್ಯಾಸಿಯಂ ಹೃದಯಕ್ಕೆ ಹಾನಿ ಮಾಡುವುದಿಲ್ಲ ಅಂತ ತೋರಿಸಿದರು. 1975ರ ಹೊತ್ತಿಗೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವಿಜ್ಞಾನಿ ಡೇವಿಡ್ ಹರ್ಸ್ ಮತ್ತು ಸರ್ಜನ್ ಮಾರ್ಕ್ ಬ್ರೇಮ್‌ಬ್ರಿಜ್ ತಮ್ಮ ದ್ರಾವಣವನ್ನು ರೋಗಿಗಳಲ್ಲಿ ಬಳಸಲು ಶುರು ಮಾಡಿದರು. ಇಂಥ ದ್ರಾವಣಕ್ಕೆ ಕಾರ್ಡಿಯೋಪ್ಲೀಜಿಯ ಅಂತಾರೆ. ಥಿಯೇಟರಿನಲ್ಲಿ ನಾವು ಬರೀ ‘ಪ್ಲೀಜಿಯ’ ಅಂತೀವಿ.

ಆ ಒಂದು ನಿಮಿಷ

ಸೇಂಟ್ ಥಾಮಸ್‌ನ ಎರಡನೇ ದ್ರಾವಣದಲ್ಲಿ ಪೊಟ್ಯಾಸಿಯಂ ಲೀಟರಿಗೆ 16 ಮಿಲಿಮೋಲ್. ನಮ್ಮ ರಕ್ತದಲ್ಲಿ ಇರುವುದು 3.5ರಿಂದ 5. ವ್ಯತ್ಯಾಸ ದೊಡ್ಡದೇನಲ್ಲ ಅನ್ನಿಸಬಹುದು. ಆದರೆ ಹೃದಯದ ಜೀವಕೋಶದ ಒಳಗೂ ಹೊರಗೂ ಇರುವ ವಿದ್ಯುತ್ ಅಂತರ ನಿಂತಿರುವುದೇ ಪೊಟ್ಯಾಸಿಯಮ್ಮಿನ ಮೇಲೆ. ಹೊರಗಡೆ ಅದು ಜಾಸ್ತಿಯಾದರೆ ಈ ಅಂತರ ಕುಗ್ಗುತ್ತದೆ. ಬಡಿತ ಶುರು ಮಾಡುವ ಸೋಡಿಯಂ ಬಾಗಿಲುಗಳು ಒಮ್ಮೆ ತೆರೆದು ಮುಚ್ಚಿಕೊಂಡರೆ ಮತ್ತೆ ತೆರೆಯುವ ಸ್ಥಿತಿಗೆ ಬರುವುದೇ ಇಲ್ಲ. ಹೃದಯ ಸಡಿಲವಾದ ಸ್ಥಿತಿಯಲ್ಲೇ ನಿಂತುಬಿಡುತ್ತದೆ. ಜೊತೆಗೆ ಇರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಒಳನುಗ್ಗದಂತೆ ತಡೆಯುತ್ತದೆ.

ಥಿಯೇಟರಿನಲ್ಲಿ ಇದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಸರ್ಜನ್ ‘ಫ್ಲೋ ಕಡಿಮೆ ಮಾಡಿ’ ಅನ್ನುತ್ತಾರೆ. ಪರ್ಫ್ಯೂಷನಿಸ್ಟ್, ಅಂದರೆ ಮಷಿನ್ ನಡೆಸುವವರು, ಪಂಪ್ ವೇಗ ಇಳಿಸುತ್ತಾರೆ. ಮಹಾಪಧಮನಿ ಸ್ವಲ್ಪ ಮೆತ್ತಗಾಗುತ್ತದೆ. ಕ್ಲಾಂಪ್ ಬೀಳುತ್ತದೆ. ‘ಕ್ಲಾಂಪ್ ಆನ್.’ ಪರ್ಫ್ಯೂಷನಿಸ್ಟ್ ಗಡಿಯಾರ ಒತ್ತಿ, ಫ್ಲೋ ಮತ್ತೆ ಏರಿಸಿ, ಪ್ಲೀಜಿಯ ಬಿಡುತ್ತಾರೆ. ಕ್ಲಾಂಪಿನ ಕೆಳಗೆ ಮಹಾಪಧಮನಿಯ ಬುಡಕ್ಕೆ ಚುಚ್ಚಿದ ಸಣ್ಣ ಕೊಳವೆಯಿಂದ ತಣ್ಣನೆಯ ದ್ರಾವಣ ಒಳಗೆ ಹೋಗುತ್ತದೆ. ಆಗ ನನ್ನ ಕಣ್ಣು ಮೂರು ಕಡೆ. ಬುಡದಲ್ಲಿನ ಒತ್ತಡ 60–80 ಮಿಲಿಮೀಟರಿಗೆ ಏರಿತಾ? ಇಸಿಜಿಯ ಬಡಿತ ದೂರ ದೂರ ಆಗುತ್ತಿದೆಯಾ? ಪರದೆಯ ಆಚೆ ಹೃದಯ ಮೆತ್ತಗೆ ಬಿದ್ದುಕೊಳ್ಳುತ್ತಿದೆಯಾ, ಇಲ್ಲಾ ಉಬ್ಬುತ್ತಿದೆಯಾ? ಎಲ್ಲ ಸರಿ ಇದ್ದರೆ ಒಂದು ನಿಮಿಷದೊಳಗೆ ಗೆರೆ ನೇರವಾಗುತ್ತದೆ. ನೇರವಾದ ತಕ್ಷಣ ದ್ರಾವಣ ನಿಲ್ಲಿಸುವುದಿಲ್ಲ. ಪೂರ್ತಿ ಪ್ರಮಾಣ, ದೊಡ್ಡವರಿಗೆ ಸುಮಾರು ಒಂದು ಲೀಟರ್, ಹೋಗಲೇಬೇಕು. ನಿಂತದ್ದು ಒಂದು ಲೆಕ್ಕ, ಮೂಲೆಮೂಲೆಗೂ ತಲುಪಿದ್ದು ಇನ್ನೊಂದು ಲೆಕ್ಕ.

ಹೃದಯ ಉಬ್ಬಿದರೆ ಯಾಕೆ ಹೆದರಬೇಕು ಗೊತ್ತಾ? ಮಹಾಪಧಮನಿಯ ವಾಲ್ವ್ ಸೋರುತ್ತಿದ್ದರೆ, ಬುಡಕ್ಕೆ ಬಿಟ್ಟ ದ್ರಾವಣ ಕರೋನರಿಗೆ ಹೋಗುವ ಬದಲು ಸೋರಿ ಎಡ ಹೃತ್ಕುಕ್ಷಿಗೆ, ಅಂದರೆ ಹೃದಯದ ಎಡಗಡೆಯ ಕೆಳಕೋಣೆಗೆ, ಇಳಿಯುತ್ತದೆ. ಕೋಣೆ ಹಿಗ್ಗಿ, ಗೋಡೆಯ ಒಳಪದರ ಹಿಸುಕಿದಂತಾಗುತ್ತದೆ. ಕೊಟ್ಟ ಔಷಧಿ ಸ್ನಾಯುವಿಗೆ ಸಿಗಲಿಲ್ಲ, ಪೆಟ್ಟು ಮಾತ್ರ ಸಿಕ್ಕಿತು. ಇಂಥವರಲ್ಲಿ ಮಹಾಪಧಮನಿಯನ್ನು ತೆರೆದು, ಎರಡೂ ಕರೋನರಿ ನಾಳಗಳ ಬಾಯಿಗೆ ನೇರವಾಗಿ ಸಣ್ಣ ಕೊಳವೆ ಹಿಡಿದು ದ್ರಾವಣ ಕೊಡಬೇಕಾಗುತ್ತದೆ.

ಬ್ಲಾಕ್ ಇರುವವರದ್ದು ಇನ್ನೊಂದು ತಾಪತ್ರಯ. ರಕ್ತ ಹೋಗಲು ಎಲ್ಲಿ ದಾರಿ ಇಲ್ಲವೋ ಅಲ್ಲಿಗೆ ದ್ರಾವಣವೂ ಹೋಗುವುದಿಲ್ಲ ಅಲ್ವಾ? ಯಾವ ಭಾಗಕ್ಕೆ ರಕ್ಷಣೆ ಹೆಚ್ಚು ಬೇಕೋ ಅದಕ್ಕೇ ಕಡಿಮೆ ಸಿಗುತ್ತದೆ. ಇದಕ್ಕೆ ಹಿಂದಿನ ಬಾಗಿಲಿನ ಉಪಾಯ ಇದೆ. ಹೃದಯದ ಅಭಿಧಮನಿಗಳೆಲ್ಲ ಸೇರುವ ಕರೋನರಿ ಸೈನಸ್ ಅನ್ನುವ ಕಾಲುವೆಗೆ ಕೊಳವೆ ಹಾಕಿ, ಹಿಂದಿನಿಂದ ಮುಂದಕ್ಕೆ ದ್ರಾವಣ ತಳ್ಳುವುದು. ಅಭಿಧಮನಿಗಳಲ್ಲಿ ಕೊಬ್ಬಿನ ಬ್ಲಾಕ್ ಇರುವುದಿಲ್ಲ. 1956ರಲ್ಲೇ ವಾಲ್ಟನ್ ಲಿಲಿಹೈ ಈ ದಾರಿಯನ್ನು ರೋಗಿಯಲ್ಲಿ ಬಳಸಿದ್ದರು. ಆದರೆ ಒತ್ತಡ 40 ಮಿಲಿಮೀಟರ್ ದಾಟಬಾರದು, ದಾಟಿದರೆ ತೆಳುವಾದ ಆ ಗೋಡೆ ಹರಿಯಬಹುದು. ಮತ್ತೆ, ಬಲ ಹೃತ್ಕುಕ್ಷಿಯ ಹಲವು ಅಭಿಧಮನಿಗಳು ಈ ಕಾಲುವೆಗೆ ಸೇರುವುದೇ ಇಲ್ಲ. ಬರೀ ಹಿಂದಿನಿಂದ ಕೊಟ್ಟರೆ ಬಲಭಾಗ ಉಪವಾಸ. ಹಾಗಾಗಿ ಅನೇಕರು ಎರಡೂ ಕಡೆಯಿಂದ ಕೊಡುತ್ತಾರೆ.

ಇನ್ನೂ ಒಂದಿದೆ. ಕ್ಲಾಂಪ್ ಹಾಕಿದರೂ ಅಕ್ಕಪಕ್ಕದ ಸಣ್ಣ ನಾಳಗಳಿಂದ ಒಂದಷ್ಟು ಬೆಚ್ಚಗಿನ ರಕ್ತ ಹೃದಯಕ್ಕೆ ಜಿನುಗುತ್ತಲೇ ಇರುತ್ತದೆ. ಅದು ನಿಧಾನವಾಗಿ ಪ್ಲೀಜಿಯವನ್ನು ತೊಳೆದುಬಿಡುತ್ತದೆ. ಗೆರೆಯಲ್ಲಿ ಒಂದು ಸಣ್ಣ ಅಲೆ ಕಂಡರೂ ಹೃದಯ ಏಳಲು ನೋಡುತ್ತಿದೆ ಅಂತ ಅರ್ಥ. ಸಾಮಾನ್ಯ ದ್ರಾವಣಗಳನ್ನು 15–20 ನಿಮಿಷಕ್ಕೊಮ್ಮೆ ಮತ್ತೆ ಕೊಡುವುದು ಈ ಕಾರಣಕ್ಕೆ. ‘ಇಪ್ಪತ್ತು ನಿಮಿಷ ಆಯ್ತು’ ಅಂತ ಪರ್ಫ್ಯೂಷನಿಸ್ಟ್ ಕೂಗಿದಾಗ ಸರ್ಜನ್ ಒಂದು ಮುಖ್ಯ ಹೊಲಿಗೆಯ ನಡುವೆ ಇರುತ್ತಾರೆ. ‘ಎರಡೇ ನಿಮಿಷ’ ಅನ್ನುತ್ತಾರೆ. ಆ ಎರಡು ನಿಮಿಷ ಐದಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ ಅಂತ ನಾನು ತಿಳಿದುಕೊಂಡಿದ್ದೇನೆ.

ಯಾವ ದ್ರಾವಣ ಒಳ್ಳೆಯದು?

ಇದರ ಬಗ್ಗೆ ವೈದ್ಯರ ಸಮ್ಮೇಳನಗಳಲ್ಲಿ ಗಂಟೆಗಟ್ಟಲೆ ಜಗಳ ಆಗುತ್ತದೆ. ನಿಮಗೆ ಚುಟುಕಾಗಿ ಹೇಳುತ್ತೇನೆ.

1970ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಜೆರಾಲ್ಡ್ ಬಕ್‌ಬರ್ಗ್, ಬರೀ ಉಪ್ಪುನೀರಿನ ಬದಲು ರೋಗಿಯ ರಕ್ತಕ್ಕೇ ಪೊಟ್ಯಾಸಿಯಂ ಬೆರೆಸಿ ಕೊಡುವುದನ್ನು ಜನಪ್ರಿಯ ಮಾಡಿದರು. ರಕ್ತದಲ್ಲಿ ಆಕ್ಸಿಜನ್ ಇದೆ, ಆಮ್ಲವನ್ನು ತಡೆಯುವ ಗುಣವೂ ಇದೆ. ಅದರಲ್ಲಿ ನಾಲ್ಕು ಪಾಲು ರಕ್ತ, ಒಂದು ಪಾಲು ದ್ರಾವಣ. 1990ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಪೆಡ್ರೊ ಡೆಲ್ ನೀಡೊ ಮತ್ತು ಅವರ ತಂಡ ಮಕ್ಕಳಿಗಾಗಿ ರೂಪಿಸಿದ್ದು ಇದಕ್ಕೆ ತದ್ವಿರುದ್ಧ: ನಾಲ್ಕು ಪಾಲು ದ್ರಾವಣ, ಒಂದು ಪಾಲು ರಕ್ತ, ಜೊತೆಗೆ ಲಿಡೊಕೇನ್. ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಲಿಡೊಕೇನ್. ಸೋಡಿಯಂ ಬಾಗಿಲನ್ನು ಅದು ನೇರವಾಗಿಯೇ ಮುಚ್ಚುತ್ತದೆ. ಒಂದು ಸಲ ಕೊಟ್ಟರೆ 60ರಿಂದ 90 ನಿಮಿಷ ನಡೆಯುತ್ತದೆ, ಆಪರೇಷನ್ ನಿಲ್ಲಿಸಿ ನಿಲ್ಲಿಸಿ ಕೊಡುವ ರಗಳೆ ಇಲ್ಲ. ಈಗ ದೊಡ್ಡವರಿಗೂ ಬಹಳ ಕಡೆ ಇದನ್ನೇ ಕೊಡುತ್ತಾರೆ. ಬ್ರೆಟ್‌ಶ್ನೈಡರ್ ದ್ರಾವಣದ್ದು ಬೇರೆಯದೇ ತರ್ಕ: ಸೋಡಿಯಮ್ಮನ್ನೇ ತೀರಾ ಕಡಿಮೆ ಮಾಡಿ ನಿಲ್ಲಿಸುವುದು. ಅದೂ ಒಂದೇ ಡೋಸ್. ಆದರೆ ತುಂಬಾ ಕೊಡಬೇಕಾಗುತ್ತದೆ, ಅದು ಮೈಗೆ ಸೇರಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. 1990ರ ಸುಮಾರಿಗೆ ಟೊರಾಂಟೊದವರು, ಅಂದರೆ ಬಿಗೆಲೋ ಅವರ ಊರಿನವರೇ, ತಂಪೇ ಬೇಡ ಅಂತ ಬೆಚ್ಚಗಿನ ರಕ್ತವನ್ನೇ ನಿರಂತರವಾಗಿ ಕೊಟ್ಟು ನೋಡಿದರು. ಅದೂ ನಡೆಯಿತು.

ಇಷ್ಟು ಬೇರೆಬೇರೆ ತರ್ಕದ ದ್ರಾವಣಗಳೆಲ್ಲ ಸಾಮಾನ್ಯ ರೋಗಿಗಳಲ್ಲಿ ಹೆಚ್ಚುಕಮ್ಮಿ ಒಂದೇ ಥರ ಕೆಲಸ ಮಾಡುತ್ತವೆ. ಜೀವ ಉಳಿಯುವ ಲೆಕ್ಕದಲ್ಲಿ ಒಂದು ಇನ್ನೊಂದನ್ನು ಸ್ಪಷ್ಟವಾಗಿ ಸೋಲಿಸಿಲ್ಲ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಬಾಟಲಿಯಲ್ಲಿ ಏನಿದೆ ಅನ್ನುವುದಕ್ಕೆ ನಾವು ಕೊಡುವ ಗಮನದ ಅರ್ಧದಷ್ಟನ್ನು, ಅದು ಸ್ನಾಯುವಿನ ಪ್ರತಿ ಭಾಗಕ್ಕೂ ತಲುಪಿತಾ ಅನ್ನುವುದಕ್ಕೆ ಕೊಟ್ಟರೆ ಲಾಭ ಜಾಸ್ತಿ. ಗೋಡೆ ದಪ್ಪವಾದ ಹೃದಯ, ಮೊದಲೇ ಸೋತ ಹೃದಯ, ಎಲ್ಲ ನಾಳಗಳೂ ಮುಚ್ಚಿದ ಹೃದಯ, ಇಂಥ ಕಡೆ ದ್ರಾವಣದ ಹೆಸರಿಗಿಂತ ಅದನ್ನು ಕೊಟ್ಟ ರೀತಿ ದೊಡ್ಡದು.

ಹೃದಯದ ಮೇಲೆ ಐಸ್ ಹಾಕುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೃದಯದ ಎರಡೂ ಪಕ್ಕದಲ್ಲಿ ವಪೆಗೆ, ಅಂದರೆ ಉಸಿರಾಟದ ಮುಖ್ಯ ಸ್ನಾಯುವಿಗೆ ಹೋಗುವ ಫ್ರೆನಿಕ್ ನರ ಹಾದುಹೋಗುತ್ತದೆ. ಐಸ್ ತಗುಲಿ ಅದು ಮರಗಟ್ಟಿದರೆ ವಪೆ ಕೆಲಸ ಬಿಡುತ್ತದೆ. ಹೃದಯ ಚೆನ್ನಾಗಿದ್ದರೂ ವೆಂಟಿಲೇಟರ್ ಬಿಡಿಸುವುದು ಕಷ್ಟವಾಗುತ್ತದೆ. ಈಗ ಬಹಳ ಜನ ಐಸ್ ಬಳಸುವುದನ್ನು ಕಡಿಮೆ ಮಾಡಿದ್ದಾರೆ.

ರಕ್ತ ವಾಪಸ್ ಬಂದಾಗ ಆಗುವ ಪೆಟ್ಟು

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಆಸಕ್ತಿಯ ಭಾಗ. ಹೊಲಿಗೆ ಮುಗಿಯಿತು. ಕ್ಲಾಂಪ್ ತೆಗೆದರೆ ರಕ್ತ ನುಗ್ಗುತ್ತದೆ, ಕಷ್ಟ ಕಳೆಯಿತು ಅನ್ನಿಸುತ್ತದೆ. ಅಲ್ಲ. ಹಾನಿಯ ಒಂದು ದೊಡ್ಡ ಪಾಲು ಆಗುವುದೇ ರಕ್ತ ವಾಪಸ್ ಬಂದ ಮೊದಲ ಕೆಲವು ನಿಮಿಷಗಳಲ್ಲಿ. ಎಷ್ಟೋ ದಿನ ಹಸಿದಿದ್ದವರಿಗೆ ಒಮ್ಮೆಲೇ ಹಬ್ಬದೂಟ ಬಡಿಸಿದರೆ ಊಟವೇ ಪ್ರಾಣಕ್ಕೆ ಕುತ್ತಾಗುತ್ತದಲ್ಲ, ಹಾಗೆ.

ಒಳಗೆ ಆಗುವುದೇನು? ರಕ್ತ ಇಲ್ಲದಿದ್ದಾಗ ಜೀವಕೋಶದಲ್ಲಿ ಆಮ್ಲ ಕೂಡಿರುತ್ತದೆ. ರಕ್ತ ಬಂದ ತಕ್ಷಣ ಕೋಶ ಆ ಆಮ್ಲವನ್ನು ಹೊರಹಾಕಿ ಬದಲಿಗೆ ಸೋಡಿಯಂ ಒಳಗೆ ತೆಗೆದುಕೊಳ್ಳುತ್ತದೆ. ಆ ಸೋಡಿಯಂ ಹೊರಹಾಕಲು ಹೋಗಿ ಕ್ಯಾಲ್ಸಿಯಂ ಒಳಗೆ ಬಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಜಾಸ್ತಿಯಾದರೆ ಸ್ನಾಯು ಬಿಗಿಯುತ್ತದೆ. ಅದೇ ಹೊತ್ತಿಗೆ ಆಕ್ಸಿಜನ್ ಒಮ್ಮೆಲೇ ಸಿಕ್ಕಿ, ಕೋಶದೊಳಗೆ ಎಟಿಪಿ ತಯಾರಿಸುವ ಮೈಟೊಕಾಂಡ್ರಿಯಾದಿಂದ ಸುಡುವ ಗುಣದ ಕಣಗಳು ಹೊರಡುತ್ತವೆ. ಎರಡೂ ಸೇರಿ ಮೈಟೊಕಾಂಡ್ರಿಯಾದ ಗೋಡೆಯಲ್ಲಿ ರಂಧ್ರ ತೆರೆದರೆ ಆ ಕೋಶದ ಕಥೆ ಮುಗಿಯಿತು.

ಹಾಗಾಗಿ ನಾವು ರಕ್ತವನ್ನು ಮೆಲ್ಲಗೆ ಬಿಡುತ್ತೇವೆ. ಕ್ಲಾಂಪ್ ತೆಗೆಯುವ ಮುಂಚೆ ಕೆಲವರು ಒಂದು ಡೋಸ್ ಬೆಚ್ಚಗಿನ ರಕ್ತದ ಪ್ಲೀಜಿಯ ಕೊಡುತ್ತಾರೆ, ಅದಕ್ಕೆ ‘ಹಾಟ್ ಶಾಟ್’ ಅಂತ ಹೆಸರು. ಹೃದಯ ಇನ್ನೂ ನಿಂತಿರುವಾಗಲೇ ಅದಕ್ಕೆ ಬಿಸಿ, ಆಕ್ಸಿಜನ್ ಎರಡೂ ಸಿಗುತ್ತದೆ. ಬಡಿಯಲು ಖರ್ಚು ಮಾಡದೆ ಒಳಗಿನ ರಿಪೇರಿಗೆ ಖರ್ಚು ಮಾಡಿಕೊಳ್ಳಲಿ ಅಂತ. ಕ್ಲಾಂಪ್ ತೆಗೆದ ಮೊದಲ ನಿಮಿಷಗಳಲ್ಲಿ ಒತ್ತಡ ಕಡಿಮೆ ಇಟ್ಟುಕೊಳ್ಳುತ್ತೇವೆ. ಕ್ಯಾಲ್ಸಿಯಂ ಚುಚ್ಚುಮದ್ದನ್ನು ತಕ್ಷಣ ಕೊಡುವುದಿಲ್ಲ, ಹತ್ತು ಹದಿನೈದು ನಿಮಿಷ ಕಾಯುತ್ತೇವೆ. ಹೃದಯದೊಳಗೆ ಉಳಿದ ಗಾಳಿಯನ್ನು ಅಲುಗಾಡಿಸಿ, ಹೀರಿ ತೆಗೆಯುತ್ತೇವೆ. ಮಲಗಿದ ರೋಗಿಯಲ್ಲಿ ಬಲ ಕರೋನರಿಯ ಬಾಯಿ ಮೇಲ್ಗಡೆ ಇರುತ್ತದೆ. ಗುಳ್ಳೆ ಮೇಲಕ್ಕೇ ಹೋಗುತ್ತದಲ್ಲ, ಹಾಗಾಗಿ ಗಾಳಿ ನುಗ್ಗುವುದು ಸಾಮಾನ್ಯವಾಗಿ ಅಲ್ಲಿಗೇ, ಬಲಭಾಗ ಇದ್ದಕ್ಕಿದ್ದಂತೆ ಸೋಮಾರಿಯಾಗುತ್ತದೆ. ಆಮೇಲೆ ಹೃದಯವನ್ನು ಸ್ವಲ್ಪ ಹೊತ್ತು ಖಾಲಿಯಾಗಿಯೇ ಬಡಿಯಲು ಬಿಡುತ್ತೇವೆ. ಎದ್ದ ತಕ್ಷಣ ಭಾರ ಹೊರಿಸುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೆಲವು ಹೃದಯಗಳು ಜೀವಂತ ಇದ್ದೂ ಮಂಕಾಗಿರುತ್ತವೆ. ಸ್ನಾಯು ಸತ್ತಿಲ್ಲ, ಆದರೆ ಬಲವಾಗಿ ಬಡಿಯುತ್ತಿಲ್ಲ. 1982ರಲ್ಲಿ ಯೂಜಿನ್ ಬ್ರಾನ್‌ವಾಲ್ಡ್ ಮತ್ತು ರಾಬರ್ಟ್ ಕ್ಲೋನರ್ ಈ ಸ್ಥಿತಿಯನ್ನು ವಿವರಿಸಿದರು. ಕೆಲವು ಗಂಟೆಗಳಲ್ಲಿ, ಕೆಲವೊಮ್ಮೆ ಕೆಲವು ದಿನಗಳಲ್ಲಿ ಅದು ಸರಿಹೋಗುತ್ತದೆ. ಐಸಿಯುನಲ್ಲಿ ಮೊದಲ ದಿನ ‘ಬಿಪಿಗೆ ಔಷಧಿ ಓಡ್ತಾ ಇದೆ’ ಅನ್ನುತ್ತಾರಲ್ಲ, ಎಷ್ಟೋ ಸಲ ಈ ಮಂಕು ಕಳೆಯುವವರೆಗಿನ ಆಸರೆ ಅದು.

ಔಷಧಿಯಿಂದ ಈ ಪೆಟ್ಟನ್ನೇ ತಪ್ಪಿಸಬಹುದಲ್ಲ ಅಂತ ಬಹಳ ಪ್ರಯತ್ನ ಆಗಿದೆ. 1986ರಲ್ಲಿ ಮರ್ರಿ, ಜೆನಿಂಗ್ಸ್ ಮತ್ತು ರೀಮರ್ ನಾಯಿಗಳಲ್ಲಿ ಒಂದು ಸೋಜಿಗ ಕಂಡರು. ದೊಡ್ಡ ಪೆಟ್ಟಿಗೆ ಮುಂಚೆ ನಾಲ್ಕು ಸಲ ಐದೈದು ನಿಮಿಷ ರಕ್ತ ನಿಲ್ಲಿಸಿ ಬಿಟ್ಟರೆ, ಆಮೇಲಿನ ದೊಡ್ಡ ಪೆಟ್ಟಿನಲ್ಲಿ ಸಾಯುವ ಸ್ನಾಯು ಕಾಲು ಭಾಗಕ್ಕೆ ಇಳಿಯಿತು. ಮುಂದೆ ತೋಳಿಗೆ ಬಿಪಿ ಪಟ್ಟಿ ಬಿಗಿದು ಬಿಟ್ಟರೂ ದೂರದ ಹೃದಯಕ್ಕೆ ರಕ್ಷಣೆ ಸಿಗುತ್ತದೆ ಅನ್ನುವ ಆಸೆ ಹುಟ್ಟಿತು. ಖರ್ಚಿಲ್ಲ, ಅಪಾಯವಿಲ್ಲ, ಇನ್ನೇನು ಬೇಕು? 2015ರಲ್ಲಿ ಬ್ರಿಟನ್ ಮತ್ತು ಜರ್ಮನಿಯಿಂದ ಎರಡು ದೊಡ್ಡ ಅಧ್ಯಯನಗಳು ಬಂದವು, ಒಟ್ಟು ಸುಮಾರು 3000 ರೋಗಿಗಳು. ರೋಗಿಗಳಿಗೆ ಆದ ಲಾಭ ಏನೂ ಇಲ್ಲ. ಸೋಡಿಯಂ-ಆಮ್ಲ ವಿನಿಮಯವನ್ನೇ ತಡೆಯುವ ಕ್ಯಾರಿಪೊರೈಡ್ ಅನ್ನುವ ಔಷಧಿಯ ಕಥೆ ಇನ್ನೂ ಬೇಸರದ್ದು. ಬೈಪಾಸ್ ರೋಗಿಗಳಲ್ಲಿ ಅದು ಹೃದಯಾಘಾತವನ್ನು ನಿಜಕ್ಕೂ ಕಡಿಮೆ ಮಾಡಿತು. ಆದರೆ ಪಾರ್ಶ್ವವಾಯು ಹೆಚ್ಚಿಸಿತು, ಸಾವೂ ಹೆಚ್ಚಾಯಿತು. ಅದನ್ನು ಕೈಬಿಟ್ಟರು. ಪ್ರಯೋಗಾಲಯದಲ್ಲಿ ಹೃದಯ ಒಂದೇ ಇರುತ್ತದೆ. ಥಿಯೇಟರಿನಲ್ಲಿ ಅದರ ಜೊತೆ ಮೆದುಳೂ ಮೂತ್ರಪಿಂಡವೂ ಇರುತ್ತವೆ.

ಸಭಿಕರ ಪ್ರಶ್ನೆಗಳು

ಪ್ರಶ್ನೆ: ಡಾಕ್ಟ್ರೇ, ನಿಲ್ಲಿಸಿದ ಹೃದಯ ತಾನಾಗೇ ಶುರುವಾಗುತ್ತಾ, ಇಲ್ಲ ಶಾಕ್ ಕೊಡಬೇಕಾ?

ಎರಡೂ ಇದೆ. ಕ್ಲಾಂಪ್ ತೆಗೆದಾಗ ರಕ್ತ ಪೊಟ್ಯಾಸಿಯಮ್ಮನ್ನು ತೊಳೆದುಬಿಡುತ್ತದೆ, ಎಷ್ಟೋ ಹೃದಯಗಳು ತಾವಾಗೇ ಬಡಿಯಲು ಶುರು ಮಾಡುತ್ತವೆ. ಕೆಲವು ಅದುರುತ್ತವೆ. ಆಗ ಚಮಚದ ಆಕಾರದ ಎರಡು ಪ್ಯಾಡಲ್‌ಗಳನ್ನು ನೇರವಾಗಿ ಹೃದಯಕ್ಕೇ ಹಿಡಿದು 10–20 ಜೂಲ್ ಶಾಕ್ ಕೊಡುತ್ತೇವೆ. ಎದೆಯ ಮೇಲಿಂದ ಕೊಡುವುದಾದರೆ ಇದರ ಹತ್ತು ಪಟ್ಟು ಬೇಕಾಗುತ್ತದೆ. ಕೆಲವರಿಗೆ ಸ್ವಲ್ಪ ಹೊತ್ತು ತಾತ್ಕಾಲಿಕ ಪೇಸ್‌ಮೇಕರ್ ತಂತಿ ಬೇಕಾಗುತ್ತದೆ.

ಪ್ರಶ್ನೆ: ಬಡಿಯುತ್ತಿರುವ ಹೃದಯದ ಮೇಲೇ ಬೈಪಾಸ್ ಮಾಡುತ್ತಾರಂತಲ್ಲ, ಹಾಗೆ ಮಾಡಿದರೆ ಈ ಗೋಜೇ ಇಲ್ಲವಲ್ಲ?

ಮಾಡುತ್ತಾರೆ. ಹೊಲಿಯುವ ಜಾಗವನ್ನಷ್ಟೇ ಅಲುಗಾಡದಂತೆ ಹಿಡಿಯುವ ಸಾಧನ ಇದೆ. ನುರಿತವರ ಕೈಯಲ್ಲಿ ಒಳ್ಳೆಯ ವಿಧಾನ. ಆದರೆ ಗೋಜು ಇಲ್ಲ ಅನ್ನುವಂತಿಲ್ಲ. ಹೊಲಿಯುವಷ್ಟು ಹೊತ್ತು ಆ ಒಂದು ನಾಳದಲ್ಲಿ ರಕ್ತ ನಿಲ್ಲುತ್ತದೆ. ಹಿಂಭಾಗದ ನಾಳಕ್ಕಾಗಿ ಹೃದಯವನ್ನು ಎತ್ತಿ ತಿರುಗಿಸಿದಾಗ ಬಿಪಿ ಬೀಳುತ್ತದೆ. 2012ರಲ್ಲಿ ಪ್ರಕಟವಾದ, 4752 ರೋಗಿಗಳ ಅಧ್ಯಯನದಲ್ಲಿ ಮೊದಲ 30 ದಿನಗಳ ಸಾವು, ಹೃದಯಾಘಾತ, ಪಾರ್ಶ್ವವಾಯುವಿನ ಲೆಕ್ಕ ಎರಡೂ ವಿಧಾನದಲ್ಲಿ ಹೆಚ್ಚುಕಮ್ಮಿ ಒಂದೇ ಇತ್ತು. ವಾಲ್ವ್ ತೆರೆದು ಮಾಡುವ ಕೆಲಸಕ್ಕಂತೂ ನಿಲ್ಲಿಸಲೇಬೇಕು.

ಪ್ರಶ್ನೆ: ಬೇರೆಯವರ ಹೃದಯವನ್ನು ವಿಮಾನದಲ್ಲಿ ತಂದು ಜೋಡಿಸುತ್ತಾರೆ. ಅದು ಅಷ್ಟು ಹೊತ್ತು ಹೇಗೆ ಇರುತ್ತದೆ?

ಇದೇ ತತ್ವ. ಪ್ಲೀಜಿಯ ಕೊಟ್ಟು ನಿಲ್ಲಿಸಿ, ತಣ್ಣನೆಯ ದ್ರಾವಣದಲ್ಲಿಟ್ಟು, ಐಸ್ ಪೆಟ್ಟಿಗೆಯಲ್ಲಿ ತರುತ್ತಾರೆ. ಸಾಮಾನ್ಯವಾಗಿ ನಾಲ್ಕು ಗಂಟೆಯೊಳಗೆ ಜೋಡಿಸಿದರೆ ಒಳ್ಳೆಯದು. ಈಗ ಇನ್ನೊಂದು ಥರದ ಪೆಟ್ಟಿಗೆ ಬಂದಿದೆ, ಅದರೊಳಗೆ ಹೃದಯಕ್ಕೆ ಬೆಚ್ಚಗಿನ ರಕ್ತ ಹರಿಯುತ್ತಿರುತ್ತದೆ, ಅದು ಬಡಿಯುತ್ತಲೇ ಪ್ರಯಾಣ ಮಾಡುತ್ತದೆ. 2014ರಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯವರು ದಾನಿಯ ಎದೆಯಲ್ಲೇ ಬಡಿತ ನಿಂತುಹೋಗಿದ್ದ ಹೃದಯಗಳನ್ನು ಇಂಥ ಪೆಟ್ಟಿಗೆಯಲ್ಲಿ ಮತ್ತೆ ಬಡಿಯುವಂತೆ ಮಾಡಿ, ಪರೀಕ್ಷಿಸಿ, ಜೋಡಿಸಿದರು.

ಪ್ರಶ್ನೆ: ಹೃದಯಕ್ಕೆ ಪೆಟ್ಟಾಗಿದೆಯೋ ಇಲ್ಲವೋ ಅಂತ ಆಮೇಲೆ ಹೇಗೆ ಗೊತ್ತಾಗುತ್ತದೆ?

ರಕ್ತದಲ್ಲಿ ಟ್ರೋಪೋನಿನ್ ನೋಡುತ್ತೇವೆ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನ್ ಅದು. ಆಪರೇಷನ್ ಆದ ಎಲ್ಲರಲ್ಲೂ ಅದು ಸ್ವಲ್ಪ ಏರಿಯೇ ಇರುತ್ತದೆ, ಹಾಗಾಗಿ ಒಂದು ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಎಷ್ಟು ಏರಿತು, ಇಳಿಯುತ್ತಿದೆಯಾ, ಇಸಿಜಿ ಬದಲಾಗಿದೆಯಾ, ಎಕೋದಲ್ಲಿ ಯಾವುದಾದರೂ ಗೋಡೆ ಹೊಸದಾಗಿ ಅಲುಗಾಡದೆ ಇದೆಯಾ, ಇವನ್ನೆಲ್ಲ ಸೇರಿಸಿ ಓದಬೇಕು.

ಪ್ರಶ್ನೆ: ಹಾಗಾದರೆ ಬೇಗ ಮುಗಿಸುವ ಸರ್ಜನ್ನೇ ಒಳ್ಳೆಯವರು ಅಂತಾಯ್ತಲ್ಲ?

ಕ್ಲಾಂಪ್ ಸಮಯ ಕಡಿಮೆ ಇದ್ದಷ್ಟೂ ಹೃದಯಕ್ಕೆ ಒಳ್ಳೆಯದು, ಅದು ನಿಜ. ಆದರೆ ಅವಸರದಲ್ಲಿ ಹಾಕಿದ ಹೊಲಿಗೆ ಸೋರಿತು ಅಥವಾ ವಾಲ್ವ್ ಸರಿಯಾಗಿ ಕೂರಲಿಲ್ಲ ಅಂತಿಟ್ಟುಕೊಳ್ಳಿ. ಆಗ ಮತ್ತೆ ಕ್ಲಾಂಪ್ ಹಾಕಿ, ಆಗ ತಾನೇ ಚೇತರಿಸಿಕೊಳ್ಳುತ್ತಿದ್ದ ಹೃದಯವನ್ನು ಮತ್ತೆ ನಿಲ್ಲಿಸಬೇಕು. ರಕ್ತ ವಾಪಸ್ ಬಂದಾಗಿನ ಪೆಟ್ಟು ಎರಡು ಸಲ ಬೀಳುತ್ತದೆ. ಅದರ ಬದಲು ಇನ್ನೊಂದು ಡೋಸ್ ಪ್ಲೀಜಿಯ ಕೊಟ್ಟು, ಹತ್ತು ನಿಮಿಷ ಜಾಸ್ತಿ ತೆಗೆದುಕೊಂಡು, ಒಂದೇ ಸಲಕ್ಕೆ ಸರಿಯಾಗಿ ಮುಗಿಸುವ ಸರ್ಜನ್ ಜೊತೆ ನಿಲ್ಲುವುದು ನನಗೆ ಇಷ್ಟ.